ಮೂವತ್ತೆಂಟು ಪತ್ರಗಳು

ಜುಲೈ 8, ಸೋಮವಾರ
ಒಂಬತ್ತನೇ ಕ್ಲಾಸಿನ ಪೌರನೀತಿ ಪತ್ರಗಳನ್ನು ತಿದ್ದಿ ಮುಗಿಸಿದೆ. ಮೂವತ್ತೆಂಟು. ಎಲ್ಲವೂ ನಗರಸಭೆಯ ಆಯುಕ್ತರಿಗೆ. ಎಲ್ಲವೂ ನಮ್ಮ ಗೇಟಿನೆದುರು ಮೋರಿಯ ಮೇಲೆ ಮುರಿದು ಬಿದ್ದಿರುವ ಚಪ್ಪಡಿಯ ಬಗ್ಗೆ. ಹೆಡ್‌ಮಾಸ್ಟರ ಹೊಸ ಹುರುಪು — ಮಕ್ಕಳು ಪುಸ್ತಕ ಬಿಟ್ಟು ನಿಜವಾದ ಸಮಸ್ಯೆ ಬರೆಯಬೇಕಂತೆ. ಬರೆದಿದ್ದಾರೆ. "ಮಾನ್ಯರೇ" ಎಂಬುದನ್ನು ಏಳು ಜನ ಏಳು ಥರ ಬರೆದಿದ್ದಾರೆ.

'ಪ್ರಶ್ನೆಪತ್ರಿಕೆ' ಎಂಬ ಹುಡುಗಿಯದು ಮಾತ್ರ ಚೆನ್ನಾಗಿದೆ. ಬಾಯಿ ತೆರೆದರೆ ಪ್ರಶ್ನೆ, ಅದಕ್ಕೇ ಆ ಹುಡುಗಿಗೆ ಸ್ಟಾಫ್‌ರೂಮಿನಲ್ಲಿ ಆ ಹೆಸರು. ಕೊನೆಯಲ್ಲಿ ಬರೆದಿದ್ದಾಳೆ: "ನನ್ನನ್ನು ಕರೆದೊಯ್ಯಲು ಬರುವ ತಾತನಿಗೆ ಕಣ್ಣು ಮಂಜು. ದಯವಿಟ್ಟು ಬೇಗ ಹಾಕಿಸಿ." ಕೆಂಪು ಇಂಕಿನಲ್ಲಿ ಗೆರೆ ಎಳೆದೆ — ಅರ್ಜಿಯಲ್ಲಿ ಸ್ವಂತ ವಿಷಯ ಬೇಡ. ಹತ್ತಕ್ಕೆ ಒಂಬತ್ತು.

ಜುಲೈ 11
ಶುದ್ಧಪ್ರತಿಗಳು ಬಂದವು. ಅವಳದರಲ್ಲಿ ತಾತ ಇಲ್ಲ. ಅಚ್ಚುಕಟ್ಟಾಗಿದೆ.

"ಯಾವಾಗ ಪೋಸ್ಟ್ ಮಾಡ್ತೀರಾ ಸರ್?" ಎಂದು ಕೇಳಿದಳು.

"ನಾಳೇನೇ" ಎಂದೆ.

ಹೆಡ್‌ಮಾಸ್ಟರು ತಡೆದರು. "ಮುಂದಿನ ವಾರ ಇನ್ಸ್‌ಪೆಕ್ಷನ್ ಇದೆ ಮೇಷ್ಟ್ರೇ. ಫೈಲ್ ಮಾಡಿಡಿ, ತೋರಿಸೋಣ. ಆಮೇಲೆ ಕಳಿಸಿದ್ರಾಯ್ತು." ಪಂಚ್ ಮಾಡಿ ದಾರ ಕಟ್ಟಿದೆ.

ಜುಲೈ 19
ಇನ್ಸ್‌ಪೆಕ್ಷನ್ ಅಧಿಕಾರಿಗಳಿಗೆ ಬಹಳ ಹಿಡಿಸಿತು. "ಮಾದರಿ ಚಟುವಟಿಕೆ" ಎಂದು ಷರಾ ಬರೆದರು. ಫೈಲು ಹಿಡಿದು ಫೋಟೋಗೆ ನಿಂತೆ. ಹಲ್ಲು ಕಿರಿದದ್ದೇ ಕಿರಿದದ್ದು.

"ಉತ್ತರ ಬಂತಾ ಸರ್?" ಪ್ರಶ್ನೆಪತ್ರಿಕೆ ಕೇಳಿದಳು.

"ಆಫೀಸು ಕಣಮ್ಮ, ನಿಧಾನ."

ಫೈಲು ಬೀರುವಿನಲ್ಲಿದೆ. ಸೋಮವಾರ ಕಳಿಸಬೇಕು.

ಆಗಸ್ಟ್ 2
ಮತ್ತೆ ಕೇಳಿದಳು. ಮತ್ತೆ ಅದೇ ಸುಳ್ಳು. ಈಗ ಕಳಿಸಿದರೆ ತಾರೀಖು ಹಳೆಯದು... ಎಲ್ಲರಿಂದಲೂ ಇನ್ನೊಮ್ಮೆ ಬರೆಸಬೇಕು. ಪರೀಕ್ಷೆ ಬೇರೆ ಹತ್ತಿರ ಬಂತು.

ಆಗಸ್ಟ್ 27
ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಗೇಟಿನ ಹತ್ತಿರ ಕೂಗಾಟ. ಅವಳ ತಾತ ಮೋರಿಗೆ ಬಿದ್ದಿದ್ದರು. ನಾನೂ ಡ್ರಾಯಿಂಗ್ ಮೇಷ್ಟ್ರೂ ಎತ್ತಿದೆವು. ತಲೆಯಲ್ಲಿ ರಕ್ತ. "ಮಗು ಬಂತಾ?" ಎಂದು ಕೇಳಿದರು, ಅಷ್ಟೇ. ಆಸ್ಪತ್ರೆಗೆ ಸೇರಿಸಿ ಬಂದೆ.

ಆಗಸ್ಟ್ 30
ತಾತ ಹೋದರು.

ಸೆಪ್ಟೆಂಬರ್ 9
ನಗರಸಭೆಯವರು ಬಂದು ಚಪ್ಪಡಿ ಹಾಕಿದರು. ಅರ್ಧ ದಿನದ ಕೆಲಸ. ನಿಂತು ನೋಡಿದೆ.

ಹುಡುಗಿ ಇವತ್ತು ಶಾಲೆಗೆ ಬಂದಳು. ಇಂಟರ್ವಲ್‌ನಲ್ಲಿ ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು: "ತಾತನ ವಿಷಯ ತೆಗೀದೇ ಇದ್ದಿದ್ರೆ ಅವರು ಬೇಗ ಹಾಕಿಸ್ತಿದ್ರಾ ಸರ್? ಒಂಬತ್ತು ಸಾಲ್ದು ಅಂತ ನಾನೇ ತೆಗೆದ್ಬಿಟ್ಟೆ."

ಹಾಜರಿ ಪುಸ್ತಕ ತೆರೆದು ಕೂತೆ. ತಪ್ಪೆಲ್ಲ ತನ್ನದೇ ಎಂದುಕೊಂಡಿದೆ ಆ ಮಗು. ನನ್ನ ಮುಖಕ್ಕೆ ಉಗಿಯಬೇಕು.

ಸೆಪ್ಟೆಂಬರ್ 10
ಹೇಳಿಬಿಡುತ್ತೇನೆ ಎಂದೆ. ಹೆಡ್‌ಮಾಸ್ಟರು ಬೇಡ ಎಂದರು. "ಹೋದವರು ಹೋದ್ರು. ಮಗುಗೆ ಯಾಕೆ ಇನ್ನಷ್ಟು ನೋವು?" ಅವರ ಮಾತು ಕೇಳಿದ್ದು ಸಾಕು.

ಅವಳನ್ನು ಕರೆದೆ. ಬೀರು ತೆಗೆದು ಫೈಲು ಕೈಗಿಟ್ಟೆ. "ಕಳಿಸಲೇ ಇಲ್ಲ ಕಣಮ್ಮ. ತಪ್ಪು ನಂದು. ನಿಂದಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಒಂದೊಂದೇ ಹಾಳೆ ತಿರುವಿ ತನ್ನ ಪತ್ರ ಹುಡುಕಿದಳು. ಪೂರ್ತಿ ಓದಿದಳು.

"ಹಾಗಾದ್ರೆ ನಗರಸಭೆಯವರಿಗೆ ಗೊತ್ತೇ ಇರ್ಲಿಲ್ಲ" ಎಂದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

ಗೊತ್ತಿದ್ದದ್ದು ನನಗೆ.