ಚಿಕ್ಕಮ್ಮ ಕಣ್ಣು ಬಿಡುವ ತನಕ

ಅಮ್ಮ,

ಇದು ನಿನಗೆ ತಲುಪುವುದಿಲ್ಲವೆಂದು ಗೊತ್ತು. ಆದರೂ ಬೇರೆ ಯಾರಿಗೆ ಹೇಳಲಿ?

ನಿನ್ನ ತಂಗಿಗೆ ಇವತ್ತು ಪಿತ್ತಕೋಶದ ಆಪರೇಷನ್ ಆಯಿತು. ಅರಿವಳಿಕೆ ಕೊಟ್ಟವಳು ನಾನೇ. ಇಷ್ಟು ದಿನ ಚಿಕ್ಕಮ್ಮ ನೋವು ನುಂಗಿಕೊಂಡಿದ್ದದ್ದು ಎಚ್ಚರವಾದ ಮೇಲಿನ ವಾಂತಿಗೆ ಹೆದರಿ. ನಿನ್ನ ಆಪರೇಷನ್ ಆದ ದಿನ ಬೇಸಿನ್ ಹಿಡಿದು ನಿಂತಿದ್ದವಳು ಅವಳಲ್ಲವೇ? ಓಕರಿಕೆ ಬಂದಾಗಲೆಲ್ಲ ನೀನು ಹೊಲಿಗೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದದ್ದನ್ನು ಅವಳು ಮರೆತಿಲ್ಲ.

"ಗ್ಯಾಸ್ ಕೊಟ್ಟು ಬೇಗ ಮುಗಿಸೋಣ, ಇನ್ನೂ ಕೇಸ್‌ಗಳಿವೆ," ಎಂದರು ಸರ್ಜನ್.

"ಇವರಿಗೆ ಗ್ಯಾಸ್ ಬೇಡ ಸರ್, ಅದರಿಂದ ವಾಂತಿ ಜಾಸ್ತಿ. ಸ್ವಲ್ಪ ಟೈಮ್ ಕೊಡಿ."

ನಿದ್ದೆಯ ಔಷಧಿಯನ್ನು ರಕ್ತನಾಳದಲ್ಲೇ ಹರಿಸಿದೆ. ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟೆ. ನೋವಿಗೆ ಕೊಡುವ ಮಾರ್ಫಿನ್‌ನಿಂದ ಹೊಟ್ಟೆ ತೊಳಸುತ್ತದೆಂದು ಅದನ್ನು ಬಿಟ್ಟು, ಹೊಟ್ಟೆಯ ಗೋಡೆಯ ನರಗಳನ್ನೇ ಮರಗಟ್ಟಿಸಿದೆ. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ವಾಂತಿಯಾಗುತ್ತದೆ.

ಆಮೇಲೆ ಅವಳ ಮಂಚದ ಪಕ್ಕದಲ್ಲೇ ಕೂತೆ. ಕಣ್ಣು ಬಿಡುವ ಮೊದಲೇ ಅವಳ ಗಂಟಲು ಅಲುಗಿತು. ಬೇಸಿನ್ ಎತ್ತಿಕೊಂಡೆ. ಅವಳು ಉಗುಳು ನುಂಗಿದಳು, ಅಷ್ಟೇ.

"ಮುಗೀತೇನೇ?"

"ಮುಗೀತು ಚಿಕ್ಕಮ್ಮ. ಹೊಟ್ಟೆ ತೊಳಸ್ತಿದೆಯಾ? ನೋವು?"

"ಏನೂ ಇಲ್ಲ ಕಣೇ. ಬಾಯಿ ಒಣಗಿದೆ."

ಚಮಚದಲ್ಲಿ ನೀರು ಕುಡಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಕೇಳಿದಳು, "ಈ ಔಷಧಿಗಳೆಲ್ಲ ಅಕ್ಕನ ಕಾಲದಲ್ಲೂ ಇದ್ವಾ?"

ಇದ್ದವು, ಅಮ್ಮ.

"ಮಾತಾಡಬೇಡ, ಸುಸ್ತಾಗುತ್ತೆ," ಎಂದು ಅವಳ ಹೊದಿಕೆ ಸರಿಮಾಡಿದೆ.