ವಿಷ್ಣುಕ್ರಾಂತಿಗೆ ನೀರು ಬೇಡ

ಕೊಟ್ಟಾರ, ಮಂಗಳೂರು
20-1-2025

ಪ್ರೀತಿಯ ಗ್ಲ್ಯಾಡಿಸ್,

ದೇವರ ದಯೆಯಿಂದ ನಾವೆಲ್ಲ ಹುಷಾರು. ನೀನು ಆಂಬ್ರೋಸಣ್ಣನ ಕೈಯಲ್ಲಿ ಕಳಿಸಿದ ಕ್ರಿಸ್ಮಸ್ ತಿಂಡಿಯ ಕುಸ್ವಾರ್ ಡಬ್ಬಿ ಖಾಲಿಯಾಗಿ ಮೂರು ವಾರವಾಯಿತು, ನಾನು ಪೆನ್ನು ಹಿಡಿಯುವಾಗ ಸಂಕ್ರಾಂತಿಯೂ ಕಳೆಯಿತು. ಬೈಯಬೇಡ. ಫೋನಿನಲ್ಲಿ ಹೇಳುವ ಅಂದರೆ ಅಮ್ಮ ಇಡೀ ದಿನ ಪಕ್ಕದಲ್ಲೇ ಇರುತ್ತಾರೆ. ಕಣ್ಣು ಮಂಜಾದರೂ ಕಿವಿ ಚುರುಕು.

ನಮ್ಮ ಕುಟುಂಬದ ನಾಗಬನದ ಸುತ್ತ ದೀಪಾವಳಿಯ ಮುಂಚೆ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದು ನಿನಗೆ ಗೊತ್ತುಂಟು. ನೋಡಲು ಚೆಂದ, ಕೆಸರಿಲ್ಲ. ಆದರೆ ಅಲ್ಲಿನ ಕೆಂಪು ಮುರಕಲ್ಲಿನ ನೆಲದಲ್ಲಿ ವಿಷ್ಣುಕ್ರಾಂತಿ ಹರಡಿತ್ತಲ್ಲ, ಅದೆಲ್ಲ ಕಲ್ಲಿನ ಅಡಿಗೆ ಹೋಯಿತು. ಅಮ್ಮ ಮದುವೆಯಾಗಿ ಬಂದಲ್ಲಿಂದ ದಿನಾ ಬೆಳಿಗ್ಗೆ ಆ ನೀಲಿ ಹೂವನ್ನೇ ಕೃಷ್ಣನ ಪಟಕ್ಕೆ ಇಟ್ಟವರು. ಸುದ್ದಿ ಗೊತ್ತಾದ ದಿನದಿಂದ ಸ್ವಂತ ಮಗ ನೋಣಯ್ಯಣ್ಣನ ಹತ್ತಿರವೇ ಮಾತು ಬಿಟ್ಟಿದ್ದಾರೆ. ಮೊನ್ನೆ ಅಣ್ಣ ಎಳನೀರಿನ ಬೊಂಡ ತಂದರೆ ಗೋಡೆಯ ಕಡೆ ತಿರುಗಿ, "ಬನಕ್ಕೆ ಕಲ್ಲು ಹೊದೆಸಿದವನ ಬೊಂಡ ನನಗೆ ಬೇಡ" ಎಂದರು. ಅಣ್ಣ ಬೊಂಡ ಅಲ್ಲೇ ಇಟ್ಟು ಮೆಟ್ಟಿಲಿಳಿದು ಹೋದ.

ಹೇಗಾದರೂ ಹೂ ಬೆಳೆಸಬೇಕೆಂದು ಕೆಲಸದ ದಿನವೇ ನಾಲ್ಕು ಗಿಡ ಕಿತ್ತು ತಂದಿದ್ದೆ. ತುಳಸಿಗೆ ಮಾಡಿದ ಹಾಗೆಯೇ ಮಾಡಿದೆ. ತೆಂಗಿನ ನಾರಿನ ಪುಡಿ, ಸೆಗಣಿ ಗೊಬ್ಬರ, ಎರಡು ಹೊತ್ತು ನೀರು. ಹತ್ತು ದಿನದಲ್ಲಿ ನಾಲ್ಕೂ ಕೊಳೆತವು. ಇಂಟರ್‌ಲಾಕ್ ಹಾಕಿದ ಅರಾಫತ್‌ಗೆ ಫೋನು ಮಾಡಿ, "ಬೇರೆಲ್ಲಾದರೂ ಉಂಟಾ?" ಎಂದು ಕೇಳಿದೆ. ಅವನು ನಕ್ಕ.

"ಅಕ್ಕ, ನಮ್ಮ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಬೇಕಾದಷ್ಟು ಉಂಟು. ಅಲ್ಲಿ ಅದಕ್ಕೆ ಯಾರು ಮಾರಾಯ್ರೆ ನೀರು ಹಾಕುವುದು? ನೀವು ಸಾಕಿ ಸಾಕಿ ಕೊಂದದ್ದು."

ಮಾರನೇ ದಿನ ಎರಡು ಗಿಡವನ್ನು ಬೇರಿನ ಮಣ್ಣಿನ ಸಮೇತ ತಂದುಕೊಟ್ಟ. ಈ ಸಲ ಮುರಕಲ್ಲಿನ ಚೂರು, ದೊರಗು ಮರಳು, ಸ್ವಲ್ಪವೇ ಮಣ್ಣು. ಗೊಬ್ಬರ ಇಲ್ಲ. ಅಡಿಯಲ್ಲಿ ದೊಡ್ಡ ತೂತಿನ ಮಣ್ಣಿನ ಚಟ್ಟಿ, ಟೆರೇಸಿನ ಬಿಸಿಲು. ಬೇರು ಹಿಡಿದ ಮೇಲೆ ಎಂಟು ದಿನಕ್ಕೊಮ್ಮೆ ಒಂದು ಲೋಟ ನೀರು. ನಮ್ಮವರು, "ಎಂತ ಕುಶಲಾ, ಕಲ್ಲು ಬೆಳೆಸ್ತೀಯಾ?" ಎಂದು ತಮಾಷೆ ಮಾಡಿದರು. ಈಗ ಬೆಳಿಗ್ಗೆ ಐದಾರು ಹೂ ಅರಳುತ್ತವೆ, ಮಧ್ಯಾಹ್ನಕ್ಕೆ ಬಾಡುತ್ತವೆ. ಅಮ್ಮನ ಕೈಗೆ ಕೊಟ್ಟರೆ ಬೆರಳಿನಿಂದ ಮುಟ್ಟಿ ನೋಡಿ, "ಬನದ್ದಲ್ಲ" ಎನ್ನುತ್ತಾರೆ. ಆದರೂ ಪಟಕ್ಕೆ ಇಡುತ್ತಾರೆ.

ಈಗ ಮನೆಯ ಓನರು ಟೆರೇಸಿಗೆ ಶೀಟು ಹಾಕಿಸುತ್ತಾರಂತೆ. ನೆರಳಾದರೆ ಈ ಗಿಡ ಹೂ ಬಿಡುವುದಿಲ್ಲ. ನಿನ್ನ ಮನೆಯ ಹಿಂದೆ ಬೋಳು ಮುರಕಲ್ಲಿನ ಜಾಗ ಉಂಟಲ್ಲ, ಒಂದನ್ನು ಕೊಂಡುಹೋಗಿ ಅಲ್ಲಿ ನೆಡು. ಇಳಿಜಾರಿನಲ್ಲಿ ನೆಡು, ಮಳೆನೀರು ನಿಲ್ಲಬಾರದು. ಬೇಸಿಗೆಯಲ್ಲಿ ಮೇಲೆ ಒಣಗಿದ ಹಾಗೆ ಕಂಡರೆ ಕಿತ್ತು ಬಿಸಾಡಬೇಡ, ಬೇರು ಜೀವ ಹಿಡಿದಿರುತ್ತದೆ, ಮಳೆಗೆ ಚಿಗುರುತ್ತದೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮೊಣಕಾಲು ನೋವನ್ನು ಕೃಷ್ಣನೂ ನಿಮ್ಮ ಮರಿಯಮ್ಮನೂ ಸೇರಿ ಕಡಿಮೆ ಮಾಡಲಿ.

ನಿನ್ನ
ಕುಶಲಾ

ತಾ.ಕ.: ಇಷ್ಟು ಬರೆದೂ ನಿಜ ಬರೆಯಲಿಲ್ಲ. ಇಂಟರ್‌ಲಾಕ್ ಅಣ್ಣನದ್ದಲ್ಲ, ನನ್ನ ಹರಕೆ. ಆಗಸ್ಟಿನಲ್ಲಿ ನನ್ನ ಮಗ ಶೈಲೇಶ ಡೆಂಗಿಯಲ್ಲಿ ಐಸಿಯು ಸೇರಿದ್ದಾಗ, "ಇವನನ್ನು ಉಳಿಸು, ನಿನ್ನ ಅಂಗಳಕ್ಕೆ ಕಲ್ಲು ಹಾಸುತ್ತೇನೆ" ಎಂದು ನಾಗನಿಗೆ ಹೇಳಿಕೊಂಡಿದ್ದೆ. ಹೂವಿನ ನೆನಪೇ ಬರಲಿಲ್ಲ. ಅಮ್ಮ ಸಿಟ್ಟಾದಾಗ ಅಣ್ಣ, "ನೀನು ಅವರೊಟ್ಟಿಗೆ ಇರುವವಳು, ನನ್ನ ಹೆಸರೇ ಇರ್ಲಿ" ಎಂದ. ನಾನು ಸುಮ್ಮನಾದೆ. ಮೂರು ತಿಂಗಳು ಅವನು ಬೈಗುಳ ತಿಂದ, ನಾನು ನೋಡಿಕೊಂಡು ಇದ್ದೆ. ಈ ಭಾನುವಾರ ಅಣ್ಣನಿಗೆ ಬರಲು ಹೇಳಿದ್ದೇನೆ. ನೀನು ಇಗರ್ಜಿಯಿಂದ ಸೀದಾ ಬಾ. ಅಮ್ಮನ ಎದುರು ಒಬ್ಬಳೇ ಬಾಯಿ ತೆರೆಯಲು ನನ್ನಿಂದಾಗುವುದಿಲ್ಲ.