ಕುತ್ತಿಗೆಯ ದಿಂಬು

ಪ್ರೀತಿಯ ಅಕ್ಕ,

ಮೊನ್ನೆ ವಿಮಾನ ನಿಲ್ದಾಣದ ಅಂಗಡಿಯಲ್ಲಿ ನಿನಗೆ ಕುತ್ತಿಗೆಯ ದಿಂಬು ಮಾರಿದವಳು ನಾನೇ. ನೆಗಡಿಯೆಂದು ಮಾಸ್ಕ್ ಹಾಕಿದ್ದೆ. ಹನ್ನೊಂದು ವರ್ಷದ ಮೇಲೆ ನಿನಗೆ ಗುರುತು ಸಿಗಲಿಲ್ಲ.

"ಮೊದಲೆಲ್ಲ ನಮ್ಮನೆಯವರ ಹೆಗಲಿಗೇ ಒರಗಿಬಿಡ್ತಿದ್ದೆ. ಹೋದ ವರ್ಷ ತೀರಿಕೊಂಡ್ರು," ಎಂದು ನೀನು ದಿಂಬನ್ನು ಒತ್ತಿ ನೋಡುತ್ತಾ ಹೇಳಿದೆ. ಭಾವ ಇನ್ನಿಲ್ಲವೆಂದು ನನಗೆ ತಿಳಿದದ್ದು ಆಗಲೇ.

"ಗುಂಡಿ ಮುಂದೆ ಬರಲಿ, ಮೇಡಂ," ಎಂದಷ್ಟೇ ಹೇಳಿ ನಿನ್ನ ಕುತ್ತಿಗೆಗೆ ನಾನೇ ಹಾಕಿದೆ. ಸಿಕ್ಕಿಕೊಂಡ ನಿನ್ನ ಕೂದಲನ್ನು ಬಿಡಿಸುವ ನೆಪದಲ್ಲಿ ಸ್ವಲ್ಪ ತಡಮಾಡಿದೆ.

ನನ್ನ ಮದುವೆಗೆ ನೀವಿಬ್ಬರೂ ಬರಲಿಲ್ಲವೆಂಬ ಸಿಟ್ಟು ಇನ್ನೂ ಇದೆ. ಇರಲಿ.

ದಿಂಬಿನ ಗವಸನ್ನು ತಣ್ಣೀರಲ್ಲೇ ಒಗೆ. ಇನ್ನೊಮ್ಮೆ ಪ್ರಯಾಣ ಹೊರಟರೆ ಒಂದು ಸಾಲು ಬರೆ, ನಿಲ್ದಾಣದ ಬಾಗಿಲಲ್ಲಿ ಕಾದಿರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ, ಚೀಲವನ್ನಾದರೂ ನನ್ನ ಕೈಗೆ ಕೊಡು.

ನಿನ್ನ ತಂಗಿ